ದಿವ್ಯದೃಷ್ಟಿಗೆ ಸರಕಾರದ ಒರೆಗಲ್ಲು

1973ರ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮೆನ್ಲೋ ಪಾರ್ಕ್ ಎಂಬ ಊರಿನಲ್ಲಿ, ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಒಂದು ಮುಚ್ಚಿದ ಕೊಠಡಿಯಲ್ಲಿ ಇಬ್ಬರು ಕುಳಿತಿದ್ದಾರೆ. ಒಬ್ಬರು ಭೌತವಿಜ್ಞಾನಿ. ಇನ್ನೊಬ್ಬರು ಹಿಂದೆ ಬರ್ಬ್ಯಾಂಕ್ ನಗರದಲ್ಲಿ ಪೋಲೀಸ್ ಕಮಿಷನರ್ ಆಗಿದ್ದ ಪ್ಯಾಟ್ ಪ್ರೈಸ್. ನಡುವೆ ಮೇಜಿನ ಮೇಲೆ ಒಂದು ಟೇಪ್‌ರೆಕಾರ್ಡರ್ ತಿರುಗುತ್ತಿದೆ. ಅದೇ ಹೊತ್ತಿಗೆ ಸಂಸ್ಥೆಯ ಇನ್ನೊಂದು ಭಾಗದಲ್ಲಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗಮುದ್ರೆಯೊಳಗಿದ್ದ ಲಕೋಟೆಗಳ ಪೈಕಿ ಒಂದನ್ನು ಹಿರಿಯ ಅಧಿಕಾರಿಯೊಬ್ಬರು ಆರಿಸಿ ಇನ್ನೊಂದು ತಂಡದ ಕೈಗೆ ಕೊಟ್ಟಿದ್ದಾರೆ. ತಂಡದವರು ಕಾರನ್ನೇರಿ ಹೊರಟ ಮೇಲೆಯೇ ಲಕೋಟೆಯನ್ನು ಒಡೆಯುತ್ತಾರೆ. ಅದರಲ್ಲಿ ಅರ್ಧ ಗಂಟೆಯ ಪ್ರಯಾಣದೊಳಗಿನ ಯಾವುದೋ ಒಂದು ಜಾಗದ ಹೆಸರಿದೆ. ಗೋಪುರವಿರಬಹುದು, ಚರ್ಚಿರಬಹುದು, ದೋಣಿಕಟ್ಟೆಯಿರಬಹುದು. ಅಲ್ಲಿಗೆ ಹೋಗಿ ಹದಿನೈದು ನಿಮಿಷ ಸುಮ್ಮನೆ ನಿಂತು ಸುತ್ತ ನೋಡುವುದಷ್ಟೇ ಅವರ ಕೆಲಸ.

ಗಡಿಯಾರದಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಕೊಠಡಿಯಲ್ಲಿ ಕುಳಿತ ವಿಜ್ಞಾನಿ, “ಅವರೀಗ ಎಲ್ಲಿದ್ದಾರೆ? ಏನು ಕಾಣುತ್ತದೆ ಹೇಳಿ” ಎನ್ನುತ್ತಾನೆ. ಪ್ರೈಸ್ ಕಣ್ಣು ಮುಚ್ಚಿ ಹೇಳತೊಡಗುತ್ತಾನೆ. ಒಂದು ಸಲ ಆತ ಗೋಪುರವೊಂದನ್ನು ಬಣ್ಣಿಸಿ, ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಹೂವರ್ ಟವರ್’ ಎಂದು ಹೆಸರನ್ನೇ ಹೇಳಿಬಿಟ್ಟ. ತಂಡ ನಿಂತಿದ್ದುದು ಆ ಗೋಪುರದ ಬುಡದಲ್ಲಿಯೇ.

ಇಂಗ್ಲಿಷಿನಲ್ಲಿ ಇದಕ್ಕೆ ‘ರಿಮೋಟ್ ವ್ಯೂಯಿಂಗ್’ ಎಂದು ಹೆಸರು. ಕನ್ನಡದಲ್ಲಿ ‘ದೂರದರ್ಶನ’ವೆಂಬುದೇ ಸರಿಯಾದ ಮಾತಾಗುತ್ತಿತ್ತು, ಆದರೆ ಆ ಪದವನ್ನು ಟೆಲಿವಿಷನ್ ಪೆಟ್ಟಿಗೆ ಮೊದಲೇ ಕಿತ್ತುಕೊಂಡಿದೆ. ಆದುದರಿಂದ ‘ದೂರವೀಕ್ಷಣೆ’ ಎಂದು ಕರೆಯುವುದೇ ಲೇಸು. ವಸ್ತುವೇನೂ ಭಾರತೀಯರಿಗೆ ಹೊಸದಲ್ಲ. ಹಸ್ತಿನಾವತಿಯ ಅರಮನೆಯಲ್ಲಿ ಕುಳಿತೇ ಕುರುಕ್ಷೇತ್ರದ ಯುದ್ಧವನ್ನು ಕುರುಡ ಅರಸನಿಗೆ ಬಣ್ಣಿಸಿದ ಸಂಜಯನ ಕಥೆ ಮನೆಮನೆಗೂ ಗೊತ್ತು. ಪತಂಜಲಿಯ ಯೋಗಸೂತ್ರದ ವಿಭೂತಿಪಾದದಲ್ಲಿ, ಸೂಕ್ಷ್ಮವಾದುದನ್ನೂ ಮರೆಯಲ್ಲಿರುವುದನ್ನೂ ದೂರದಲ್ಲಿರುವುದನ್ನೂ ಅರಿಯುವ ಸಿದ್ಧಿಯ ಪ್ರಸ್ತಾಪವಿದೆ. ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಅದೇ ಪಾದದಲ್ಲಿದೆ. ಅದನ್ನು ಉದಾಹರಿಸುವವರು ಕಡಿಮೆ. ಇನ್ನು ಕನ್ನಡ ನಾಡಿನ ಹಳ್ಳಿಗಳಲ್ಲಿ, ಕಳುವಾದ ಒಡವೆಗೋ ತಪ್ಪಿಹೋದ ದನಕ್ಕೋ ಅಂಜನ ಹಾಕಿಸಿ ನೋಡುವ ಪದ್ಧತಿಯನ್ನು ಕೇಳದವರುಂಟೆ? ವೀಳ್ಯದೆಲೆಯ ಮೇಲಿನ ಕಪ್ಪಿನಲ್ಲಿ ಕಳ್ಳನ ಮುಖ ಕಾಣುತ್ತದೆಂದು ನಂಬಿ ನೆರೆಯವರ ಮೇಲೆ ಹಗೆ ಸಾಧಿಸಿದ ಮನೆತನಗಳೂ ಉಂಟು. ಹೊಸದೆಂದರೆ ಇಷ್ಟೆ: ಇಪ್ಪತ್ತನೆಯ ಶತಮಾನದ ಅತ್ಯಂತ ಬಲಾಢ್ಯವಾದ ಒಂದು ಸರಕಾರ ಈ ಅಂಜನವನ್ನು ತನ್ನ ಖರ್ಚಿನಲ್ಲಿ, ತನ್ನ ವಿಜ್ಞಾನಿಗಳ ಕೈಯಲ್ಲಿ, ಇಪ್ಪತ್ತು ವರ್ಷಕ್ಕೂ ಮೀರಿ ಹಾಕಿಸಿ ನೋಡಿತು.

ಭಯವೇ ಬೀಜ

ಇದಕ್ಕೆ ಕಾರಣ ಜ್ಞಾನದಾಹವಲ್ಲ, ಭಯ. ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ಶೀತಲ ಸಮರ ನಡೆಯುತ್ತಿದ್ದ ಕಾಲವದು. 1959ರ ಸುಮಾರಿಗೆ, ಅಮೆರಿಕದ ನೌಕಾದಳ ‘ನಾಟಿಲಸ್’ ಎಂಬ ಜಲಾಂತರ್ಗಾಮಿಯೊಡನೆ ಮನಸ್ಸಿನಿಂದ ಮನಸ್ಸಿಗೆ ಸಂದೇಶ ಕಳುಹಿಸಿ ನೋಡಿತೆಂಬ ಸುದ್ದಿ ಫ್ರೆಂಚ್ ಪತ್ರಿಕೆಗಳಲ್ಲಿ ಬಂತು. ನೌಕಾದಳ ಅಲ್ಲಗಳೆಯಿತು. ಆದರೆ ಆ ಸುದ್ದಿಯನ್ನೇ ಆಧಾರವಾಗಿಟ್ಟುಕೊಂಡು ಲೆನಿನ್‌ಗ್ರಾಡಿನ ಶರೀರವಿಜ್ಞಾನಿ ಲಿಯೋನಿಡ್ ವಾಸಿಲಿಯೆವ್ ತನ್ನ ಸರಕಾರದಿಂದ ಪ್ರಯೋಗಶಾಲೆ ಪಡೆದ. ರಷ್ಯನರು ಹೀಗೆ ತೊಡಗಿದ್ದಾರೆಂಬ ವಾರ್ತೆ ಅಮೆರಿಕಕ್ಕೆ ಮರಳಿ ತಲುಪಿತು. 1970ರಲ್ಲಿ ಕಬ್ಬಿಣದ ತೆರೆಯ ಹಿಂದಿನ ಅತೀಂದ್ರಿಯ ಶೋಧಗಳ ಬಗ್ಗೆ ಇಬ್ಬರು ಲೇಖಕಿಯರು ಬರೆದ ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. 1972ರಲ್ಲಿ ಸೇನೆಯ ಗೂಢಚಾರ ವಿಭಾಗವೂ ಒಂದು ವರದಿ ಬರೆಯಿತು. ಬಾವಿಯಲ್ಲಿ ತನ್ನ ನೆರಳನ್ನೇ ಕಂಡು ಗರ್ಜಿಸಿದ ಪಂಚತಂತ್ರದ ಸಿಂಹದ ಕಥೆ ಇಲ್ಲಿ ನೆನಪಾದರೆ ತಪ್ಪಲ್ಲ.

ಅದೇ 1972ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಹೆರಲ್ಡ್ ಪುಟೊಫ್ ಮತ್ತು ರಸೆಲ್ ಟಾರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಒಂದುಗೂಡಿದರು. ಇಬ್ಬರೂ ಲೇಸರ್ ಕಿರಣಗಳ ಕ್ಷೇತ್ರದಲ್ಲಿ ಹೆಸರು ಮಾಡಿದವರು. ಟಾರ್ಗ್‌ಗೆ ಬಾಲ್ಯದಿಂದಲೂ ಕಣ್ಣಿನ ದೃಷ್ಟಿ ತೀರ ಮಂದವಾಗಿತ್ತೆಂಬುದು ಈ ಕಥೆಯಲ್ಲಿ ಗಮನಿಸತಕ್ಕ ಒಂದು ಸಂಗತಿ. ಇಂಗೊ ಸ್ವಾನ್ ಎಂಬ ನ್ಯೂಯಾರ್ಕಿನ ಚಿತ್ರಕಲಾವಿದ ಬಂದು, ನೆಲದಡಿ ಭದ್ರವಾಗಿ ಹೂಳಿಟ್ಟಿದ್ದ ಕಾಂತಮಾಪಕದ ಮೇಲೆ ಮನಸ್ಸಿಟ್ಟಾಗ ಅದರ ಮುಳ್ಳಿನ ಗೆರೆ ಬದಲಾಯಿತೆಂದು ವರದಿಯಾಯಿತು. ಸುದ್ದಿ ತಿಳಿದ ಕೇಂದ್ರ ಗೂಢಚಾರ ಸಂಸ್ಥೆ, ಎಂದರೆ ಸಿ.ಐ.ಎ., ಅದೇ ವರ್ಷದ ಅಕ್ಟೋಬರಿನಲ್ಲಿ ಸುಮಾರು 50,000 ಡಾಲರುಗಳನ್ನು ಕೊಟ್ಟು ಎಂಟು ತಿಂಗಳ ಪ್ರಯೋಗಕ್ಕೆ ಅಂಕಿತ ಹಾಕಿತು.

ಸ್ವಾನ್‌ಗೆ ಲಕೋಟೆ, ಪೆಟ್ಟಿಗೆಗಳ ಆಟ ಬೇಸರ ತಂದಿತು. ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನಷ್ಟೇ ಕೊಡಿ, ಭೂಮಿಯ ಯಾವ ಮೂಲೆಯನ್ನಾದರೂ ನೋಡಿ ಹೇಳುತ್ತೇನೆ ಎಂದ. ಹಾಗೆಯೇ ಮಾಡಲಾಯಿತು. ಆದರೆ ಅಂಕಿಗಳೂ ಮಾತನಾಡುತ್ತವೆ. ಭೂಗೋಳವನ್ನು ಚೆನ್ನಾಗಿ ಬಲ್ಲವನಿಗೆ ರೇಖಾಂಶ ಕೇಳಿದೊಡನೆ ಅದು ಕಡಲೋ, ಮರಳುಗಾಡೋ, ಹಿಮವೋ ಎಂಬುದರ ಅಂದಾಜು ಸಿಗುತ್ತದೆ.

1973ರ ಮೇ ತಿಂಗಳಲ್ಲಿ ಗೂಢಚಾರ ಅಧಿಕಾರಿಯೊಬ್ಬ ಹೀಗೆ ಕೊಟ್ಟ ಅಂಕಿಗಳು ಪಶ್ಚಿಮ ವರ್ಜೀನಿಯಾದ ಕಾಡಿನಲ್ಲಿದ್ದ ಒಂದು ವಿಹಾರದ ಮನೆಯದಾಗಿದ್ದವು. ಸ್ವಾನ್ ಮತ್ತು ಪ್ರೈಸ್ ಇಬ್ಬರೂ ಬಣ್ಣಿಸಿದ್ದು ಮನೆಯನ್ನಲ್ಲ, ಸರಕಾರದ ಯಾವುದೋ ಕಾವಲುಳ್ಳ ನೆಲೆಯನ್ನು. ತಪ್ಪಾಯಿತೆಂದು ಅಧಿಕಾರಿ ಅಂದುಕೊಂಡ. ವಿಚಾರಿಸಿದರೆ, ಆ ಮನೆಯಿಂದ ಕೆಲವೇ ಮೈಲಿ ದೂರದ ಷುಗರ್ ಗ್ರೋವ್‌ನಲ್ಲಿ ಅಂಥದೊಂದು ರೇಡಿಯೋ ನೆಲೆ ಇದ್ದೇ ಇತ್ತು! ಪ್ರೈಸ್ ಅದರೊಳಗಿನ ಕಡತಗಳ ಮೇಲಿನ ಹೆಸರುಗಳನ್ನೂ ಓದಿದೆನೆಂದ. ಭದ್ರತಾ ಅಧಿಕಾರಿಗಳು ಗಾಬರಿಯಿಂದ ವಿಚಾರಣೆಗೆ ಬಂದರು. ಕೇಳಿದವರ ಮೈ ನವಿರೇಳುವ ಪ್ರಸಂಗವೇ ಸರಿ. ಆದರೆ ಷುಗರ್ ಗ್ರೋವ್ ಅಷ್ಟೊಂದು ಗುಟ್ಟಿನ ಜಾಗವಾಗಿರಲಿಲ್ಲ. ಅಲ್ಲಿ 600 ಅಡಿ ಅಗಲದ ಭಾರೀ ರೇಡಿಯೋ ದೂರದರ್ಶಕವನ್ನು ಕಟ್ಟಹೊರಟು, 1962ರಲ್ಲಿ ಆ ಯೋಜನೆಯನ್ನು ಕೈಬಿಟ್ಟ ಸಂಗತಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಕೇಳಿದ ಪ್ರಶ್ನೆಗೆ ಉತ್ತರ ತಪ್ಪಾದಾಗ ಅಕ್ಕಪಕ್ಕದಲ್ಲಿ ಹುಡುಕಿ, ಉತ್ತರಕ್ಕೆ ತಕ್ಕ ಪ್ರಶ್ನೆಯನ್ನು ಕಂಡುಕೊಂಡು, ಅದನ್ನು ಗೆಲುವಿನ ಲೆಕ್ಕಕ್ಕೆ ಸೇರಿಸಿದರೆ, ಸೋಲುವ ಬಗೆಯಾದರೂ ಯಾವುದು?

ಸ್ವಾನ್ ಗುರುಗ್ರಹವನ್ನೂ ಬಿಡಲಿಲ್ಲ. 1973ರಲ್ಲಿ ಅದರ ಸುತ್ತ ಉಂಗುರದಂಥದೊಂದಿದೆ ಎಂದ. 1979ರಲ್ಲಿ ವಾಯೇಜರ್ ನೌಕೆ ಅಲ್ಲಿ ಸಪುರವಾದ ಉಂಗುರವೊಂದನ್ನು ನಿಜಕ್ಕೂ ಕಂಡಿತು. ಅದೇ ಮಾತಿನ ಓಘದಲ್ಲಿ ಆತ ಗುರುವಿನ ಮೇಲೆ ಮರಳನ್ನೂ ಎತ್ತರದ ಪರ್ವತಸಾಲನ್ನೂ ಕಂಡಿದ್ದ. ಗುರುವೆಂಬುದು ಅನಿಲದ ಗೋಳ. ಕಾಲಿಡಲು ನೆಲವೇ ಇಲ್ಲದ ಕಡೆ ಪರ್ವತವೆಲ್ಲಿಯದು? ಉಂಗುರದ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂದಿತು. ಪರ್ವತದ ಮಾತು ದಾರಿಯಲ್ಲೇ ಉಳಿಯಿತು.

1974ರ ಜುಲೈ ತಿಂಗಳಲ್ಲಿ ಪ್ರೈಸ್‌ನ ಮುಂದಿಟ್ಟುದು ಆಟದ ಸಾಮಾನಲ್ಲ. ಸೋವಿಯತ್ ನಾಡಿನ ಸೆಮಿಪಲಾಟಿನ್ಸ್ಕ್ ಬಳಿಯ ನಿಗೂಢ ನೆಲೆ. ಅಲ್ಲೇನು ನಡೆಯುತ್ತಿದೆಯೆಂದು ಉಪಗ್ರಹಚಿತ್ರಗಳನ್ನು ನೋಡಿಯೂ ಅಮೆರಿಕಕ್ಕೆ ಬಗೆಹರಿದಿರಲಿಲ್ಲ. ಪ್ರೈಸ್ ಕಟ್ಟಡದ ಮೇಲೆ ಹಳಿಗಳಲ್ಲಿ ಚಲಿಸುವ ಭಾರೀ ಕ್ರೇನ್ ಒಂದರ ಚಿತ್ರ ಬರೆದ. ಅಂಥ ಕ್ರೇನ್ ಅಲ್ಲಿತ್ತು. ಆ ಚಿತ್ರವನ್ನು ಇಂದಿಗೂ ಪುಸ್ತಕಗಳಲ್ಲಿ ಅಚ್ಚು ಮಾಡುತ್ತಾರೆ. ಆದರೆ ಆತ ಹೇಳಿದ ಮಿಕ್ಕ ಬಹುಪಾಲು ಸಂಗತಿಗಳು ಅಲ್ಲಿರಲಿಲ್ಲ. ಅಲ್ಲಿದ್ದ ಮುಖ್ಯವಾದ ಎಷ್ಟನ್ನೋ ಆತ ಹೇಳಲೇ ಇಲ್ಲ. ಎಲ್ಲವನ್ನೂ ತಾಳೆ ನೋಡಿದ ಲಾಸ್ ಅಲಮೋಸ್‌ನ ವಿಜ್ಞಾನಿ ಇದನ್ನು ವಿಫಲ ಪ್ರಯೋಗವೆಂದೇ ತೀರ್ಮಾನಿಸಿದರು. ಪ್ರೈಸ್ ಮರುವರ್ಷ ಜುಲೈನಲ್ಲಿ ಲಾಸ್ ವೇಗಾಸ್‌ನಲ್ಲಿ ಹಠಾತ್ತನೆ ತೀರಿಕೊಂಡ. ಗೂಢಚಾರರೇ ಕೊಂದರೆಂಬ ಗುಲ್ಲೂ ಹುಟ್ಟಿತು; ಇಂಥ ಕಥೆಗಳಿಗೆ ಅಂಥ ಬಾಲ ಸಹಜ.

ಕಂಡವನೋ, ಹೊಂದಿಸಿದವನೋ?

ಗುಟ್ಟಿನ ಪ್ರಯೋಗಗಳ ಮಾತು ಹಾಗಿರಲಿ. ವಿಜ್ಞಾನಿಗಳ ಮುಂದೆ ಬಹಿರಂಗವಾಗಿ ಬಂದುದು ಮೊದಲು ಹೇಳಿದ ಲಕೋಟೆಯ ಪ್ರಯೋಗ. ಇಡೀ ವಿವಾದದ ಗಂಟು ಇರುವುದೂ ಅಲ್ಲಿಯೇ. ಅದನ್ನು ಸ್ವಲ್ಪ ನಿಧಾನವಾಗಿ ಬಿಡಿಸಬೇಕು.

ಪ್ರೈಸ್‌ನೊಡನೆ ಒಂಬತ್ತು ಜಾಗಗಳ ಪ್ರಯೋಗ ನಡೆಯಿತು. ಹೂವರ್ ಟವರ್ ಒಂದು. ರೆಡ್‌ವುಡ್ ನಗರದ ದೋಣಿಕಟ್ಟೆ ಇನ್ನೊಂದು. ಪಾಲೊ ಆಲ್ಟೊ ಊರಿನ ರಿಂಕೊನಾಡಾ ಉದ್ಯಾನದ ಈಜುಕೊಳಗಳು ಮತ್ತೊಂದು. ಈಜುಕೊಳದ ಪ್ರಸಂಗ ಸೊಗಸಾಗಿದೆ. ಉದ್ಯಾನದಂಥ ಜಾಗ, ಅದರಲ್ಲಿ ಎರಡು ಕೊಳ, ಒಂದು ದುಂಡು, ಒಂದು ಚೌಕ ಎಂದು ಪ್ರೈಸ್ ಹೇಳಿದ. ಚೌಕದ್ದು 60ಕ್ಕೆ 89 ಅಡಿ ಎಂದ. ವಾಸ್ತವವಾಗಿ ಅದು 75ಕ್ಕೆ 100. ಕೇಳಿದವರು ಬೆರಗಾದರು. ಆದರೆ ಆತ ಅದನ್ನು ಊರಿನ ನೀರು ಶುದ್ಧಿ ಮಾಡುವ ಸ್ಥಾವರವೆಂದು ಹೇಳಿದ್ದ. ವರ್ಷಗಳು ಕಳೆದ ಮೇಲೆ, ಅದೇ ಜಾಗದಲ್ಲಿ 1913ರಲ್ಲಿ ಊರಿನ ಜಲಸ್ಥಾವರವಿತ್ತೆಂಬ ಮಾಹಿತಿ ಟಾರ್ಗ್‌ಗೆ ದೊರೆಯಿತು. ಕೂಡಲೇ, ಪ್ರೈಸ್ ಕಂಡದ್ದು ಅರವತ್ತು ವರ್ಷ ಹಿಂದಿನ ನೋಟವೆಂದಾಯಿತು! ಸರಿಯಾದುದು ದೂರವೀಕ್ಷಣೆ, ತಪ್ಪಾದುದು ಕಾಲವೀಕ್ಷಣೆ.

ಒಂಬತ್ತು ಹೇಳಿಕೆಗಳನ್ನೂ ಟೇಪಿನಿಂದ ಬರೆದುಕೊಂಡು, ಪ್ರಯೋಗದಲ್ಲಿ ಭಾಗವಹಿಸದ ಒಬ್ಬ ತೀರ್ಪುಗಾರರಿಗೆ ಕೊಡಲಾಯಿತು. ಅವರು ಒಂಬತ್ತು ಜಾಗಗಳಿಗೂ ಹೋಗಿ, ಯಾವ ಹೇಳಿಕೆ ಯಾವ ಜಾಗಕ್ಕೆ ಹೆಚ್ಚು ಒಪ್ಪುತ್ತದೆಂದು ಹೊಂದಿಸಬೇಕು. ಅವರು ಏಳನ್ನು ಸರಿಯಾಗಿ ಹೊಂದಿಸಿದರು. ಬರಿಯ ಆಕಸ್ಮಿಕದಿಂದ ಇಂಥ ಫಲ ಬರುವ ಸಂಭವ ಲಕ್ಷಕ್ಕೆ ಮೂರಕ್ಕಿಂತಲೂ ಕಡಿಮೆಯೆಂದು ಲೆಕ್ಕ ಹಾಕಲಾಯಿತು. 1974ರ ಅಕ್ಟೋಬರ್ 18ರ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಯಿತು. ಪ್ರಯೋಗದ ರಚನೆ ದುರ್ಬಲವೆಂದು ಪರಿಶೀಲಕರು ಆಕ್ಷೇಪಿಸಿದ್ದರೂ, ವಿಜ್ಞಾನಿಗಳು ತಾವೇ ನೋಡಿ ನಿರ್ಣಯಿಸಲೆಂದು ಪ್ರಕಟಿಸುತ್ತಿರುವುದಾಗಿ ಸಂಪಾದಕರು ಜೊತೆಯಲ್ಲೇ ಬರೆದರು. 1976ರಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಇನ್ನೂ ವಿಸ್ತಾರವಾದ ಪ್ರಬಂಧ ಬಂತು.

ನ್ಯೂಜಿಲೆಂಡಿನ ಡನೆಡಿನ್ ನಗರದ ಒಟಾಗೊ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಡೇವಿಡ್ ಮಾರ್ಕ್ಸ್ ಮತ್ತು ರಿಚರ್ಡ್ ಕಾಮನ್ ಇದನ್ನೋದಿ ಕುತೂಹಲಗೊಂಡರು. ತಾವೂ ಅದೇ ಕ್ರಮದಲ್ಲಿ 35 ಪ್ರಯೋಗಗಳನ್ನು ನಡೆಸಿದರು. ನಡೆಯುತ್ತಿದ್ದಾಗ ಎಲ್ಲವೂ ಯಶಸ್ವಿಯಾಗಿಯೇ ಕಂಡಿತು. ‘ದ್ರಷ್ಟಾರ’ರನ್ನು ಆ ಜಾಗಕ್ಕೆ ಕರೆದೊಯ್ದಾಗ, “ಇದೇ, ಇದೇ ನಾನು ಕಂಡದ್ದು!” ಎಂದು ಅವರು ಸಂತೋಷಪಟ್ಟರು. ತೀರ್ಪುಗಾರರೂ ಹೇಳಿಕೆ ಹಿಡಿದು ಒಂದೊಂದು ಜಾಗಕ್ಕೆ ಹೋದಾಗ, ಎಷ್ಟು ಚೆನ್ನಾಗಿ ಒಪ್ಪಿತೆಂದು ಬೆರಗಾದರು. ಆದರೆ ಅವರಿಗೆ ಒಪ್ಪಿದ್ದು ಬೇರೆ ಜಾಗದ ಹೇಳಿಕೆ! ಲೆಕ್ಕ ಕೂಡಿಸಿದಾಗ ಫಲ ಆಕಸ್ಮಿಕದ ಮಟ್ಟವನ್ನು ಮೀರಲಿಲ್ಲ. “ಏನೋ ಎತ್ತರವಾಗಿದೆ, ಹಸಿರಿದೆ, ಅಂಚಿನಲ್ಲಿ ಗೆರೆಗಳಿವೆ, ನೀರು ಹತ್ತಿರವಿದೆ” ಎಂಬ ಮಾತು ಯಾವ ಊರಿನ ಯಾವ ಜಾಗಕ್ಕೆ ಹೊಂದುವುದಿಲ್ಲ? ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ನಿಗೂ ಸರಿ, ಹೈದರಾಬಾದಿನ ಟ್ಯಾಂಕ್ ಬಂಡಿಗೂ ಸರಿ, ಮದರಾಸಿನ ಮರೀನಾಕ್ಕೂ ಸರಿ. ಸಂಜಯ ಹೀಗೆ ಮಾತನಾಡಿದ್ದರೆ ಧೃತರಾಷ್ಟ್ರನಿಗೆ ಯಾರು ಗೆದ್ದರೆಂಬುದು ಇಂದಿಗೂ ತಿಳಿಯುತ್ತಿರಲಿಲ್ಲ.

ಹಾಗಾದರೆ ಮೆನ್ಲೋ ಪಾರ್ಕಿನ ಏಳು ಗೆಲುವು ಹೇಗೆ? ಮಾರ್ಕ್ಸ್ ಮೂಲ ಹೇಳಿಕೆಗಳನ್ನು ದೊರಕಿಸಿಕೊಂಡು ಓದಿದರು. ಅವುಗಳಲ್ಲಿ ಜಾಗದ ವರ್ಣನೆಯ ಜೊತೆಗೆ ಬೇರೆ ಮಾತುಗಳೂ ಉಳಿದಿದ್ದವು. ಒಂದರಲ್ಲಿ ನಿನ್ನೆಯ ಎರಡು ಜಾಗಗಳ ಪ್ರಸ್ತಾಪ. ಇನ್ನೊಂದರಲ್ಲಿ, ಈಗಾಗಲೇ ಮೂರು ಗೆಲುವುಗಳಾಗಿವೆ ಎಂದು ಧೈರ್ಯ ತುಂಬುವ ಮಾತು. ಮೊದಲ ದಿನದ ಅಳುಕನ್ನು ತೋರುವ ಮಾತು ಮತ್ತೊಂದರಲ್ಲಿ. ಇವುಗಳಿಂದ ಯಾವ ಹೇಳಿಕೆ ಎಷ್ಟನೆಯದೆಂದು ಸುಲಭವಾಗಿ ತಿಳಿಯುತ್ತಿತ್ತು. ತೀರ್ಪುಗಾರರ ಕೈಗೆ ಜಾಗಗಳ ಪಟ್ಟಿಯನ್ನು ಕೊಟ್ಟದ್ದಾದರೂ ಹೇಗೆ? ಪ್ರಯೋಗ ನಡೆದ ಅನುಕ್ರಮದಲ್ಲಿಯೇ! ನಾಲ್ಕನೆಯ ಹೇಳಿಕೆಯನ್ನು ಪಟ್ಟಿಯ ನಾಲ್ಕನೆಯ ಜಾಗಕ್ಕೆ ಜೋಡಿಸಲು ದಿವ್ಯದೃಷ್ಟಿ ಬೇಕಿಲ್ಲ. ಆ ಜಾಗಗಳಿಗೆ ಕಾಲಿಡದೆ, ಈ ಸುಳಿವುಗಳಿಂದಲೇ ಹೇಳಿಕೆಗಳನ್ನು ಹೊಂದಿಸಿ ಮಾರ್ಕ್ಸ್ ತೋರಿಸಿದರು. 1978ರಲ್ಲಿ ಅದೇ ‘ನೇಚರ್’ ಪತ್ರಿಕೆಯಲ್ಲಿ ಅವರ ಉತ್ತರ ಪ್ರಕಟವಾಯಿತು.

ವಾದ ಅಲ್ಲಿಗೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಸುಳಿವುಗಳನ್ನು ಅಳಿಸಿ ಹೊಸ ತೀರ್ಪುಗಾರರಿಂದ ನೋಡಿಸಿದರೂ ಏಳು ಸರಿಬಂದವೆಂದು 1980ರಲ್ಲಿ ಪುಟೊಫ್, ಟಾರ್ಗ್ ಮತ್ತು ಚಾರ್ಲ್ಸ್ ಟಾರ್ಟ್ ಬರೆದರು. ಅಳಿಸಿದ ಮೇಲೂ ಸುಳಿವುಗಳು ಉಳಿದಿದ್ದವೆಂದು 1986ರಲ್ಲಿ ಮಾರ್ಕ್ಸ್ ಮತ್ತೆ ತೋರಿಸಿದರು. ಯಾರೂ ಮೋಸ ಮಾಡಬೇಕೆಂದು ಹೊರಟವರಲ್ಲ. ತಾವು ನಂಬಿದ್ದನ್ನು ತಾವೇ ಅಳೆದರು. ಅಳತೆಗೋಲಿನ ತುದಿ ತಮ್ಮ ಕೈಯಲ್ಲೇ ಇದ್ದುದನ್ನು ಕಾಣಲಿಲ್ಲ.

ಔಷಧದ ಅಂಗಡಿಗೂ ಇದಕ್ಕೂ ಏನು ಸಂಬಂಧ?

ಈ ತೀರ್ಪುಗಾರನ ಪ್ರಶ್ನೆ ವೈದ್ಯರಿಗೆ ಬಹಳ ಹಿಂದೆಯೇ ಎದುರಾಗಿತ್ತು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಗುಣ ಕೊಡುವುದೇ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ ಪರೀಕ್ಷಿಸಿ 1948ರಲ್ಲಿ ವರದಿ ಪ್ರಕಟಿಸಿತು. ರೋಗಿಗಳು 107 ಮಂದಿ. 55 ಜನರಿಗೆ ಹೊಸ ಔಷಧ, 52 ಜನರಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಯಾರಿಗೆ ಯಾವುದೆಂಬುದನ್ನು ವೈದ್ಯರು ಆರಿಸಲಿಲ್ಲ. ಮುಂಚೆಯೇ ಚೀಟಿಯಂತೆ ನಿಶ್ಚಯಿಸಿ ಲಕೋಟೆಗಳಲ್ಲಿ ಮುಚ್ಚಿಡಲಾಗಿತ್ತು. ರೋಗಿಗಳ ಎದೆಯ ಎಕ್ಸ್-ರೇ ಚಿತ್ರಗಳನ್ನು ನೋಡಿ ವಾಸಿಯಾಗಿದೆಯೇ ಎಂದು ಹೇಳಿದ ತಜ್ಞರಿಗೆ, ಈ ಚಿತ್ರ ಔಷಧ ಪಡೆದವನದೋ ಪಡೆಯದವನದೋ ಎಂಬುದು ತಿಳಿದಿರಲಿಲ್ಲ. ತಿಳಿದಿದ್ದರೆ, ಔಷಧ ಪಡೆದವನ ಶ್ವಾಸಕೋಶದ ಮಬ್ಬು ಕಲೆ ಅವರ ಕಣ್ಣಿಗೆ ತುಸು ಕಿರಿದಾಗಿ ಕಂಡೀತು. ಪ್ರಾಮಾಣಿಕರ ಕಣ್ಣಿಗೂ ಹಾಗೆ ಕಾಣುತ್ತದೆ. ಅಲ್ಲಿಯೂ ಲಕೋಟೆ, ಇಲ್ಲಿಯೂ ಲಕೋಟೆ. ಆದರೆ ಅಲ್ಲಿ ತೀರ್ಪು ಹೇಳುವವನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಇಲ್ಲಿ ಕಟ್ಟಿದ ಬಟ್ಟೆ ಸಡಿಲವಾಗಿತ್ತು.

ದೂರದಿಂದಲೇ ರೋಗವನ್ನು ಕಂಡು ಹೇಳುವವರ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಅಮೆರಿಕದಲ್ಲಿ 1945ರಲ್ಲಿ ತೀರಿಕೊಂಡ ಎಡ್ಗರ್ ಕೇಸಿ ಎಂಬಾತ ಅರೆನಿದ್ರೆಯಲ್ಲಿ ಮಲಗಿ, ನೂರಾರು ಮೈಲಿ ದೂರದ ರೋಗಿಗಳಿಗೆ ಚಿಕಿತ್ಸೆ ಹೇಳುತ್ತಿದ್ದ. ಅಂಥ 14,000ಕ್ಕೂ ಮೀರಿದ ಹೇಳಿಕೆಗಳನ್ನು ಅವನ ಅನುಯಾಯಿಗಳು ಕಾಪಾಡಿಕೊಂಡು ಬಂದಿದ್ದಾರೆ. ಭಾರತದ ಮಹಾನಗರಗಳಲ್ಲಿ ಫೋಟೋ ಕಳುಹಿಸಿದರೆ, ಜನ್ಮನಕ್ಷತ್ರ ಹೇಳಿದರೆ, ಇಲ್ಲಿಂದಲೇ ಬೇನೆಯನ್ನು ಕಂಡು ಹೇಳುತ್ತೇವೆ ಎನ್ನುವವರಿಗೆ ಬರಗಾಲವಿಲ್ಲ. “ಹೊಟ್ಟೆಯ ಭಾಗದಲ್ಲಿ ಏನೋ ಬಾಧೆಯಿದೆ, ಮನಸ್ಸಿಗೆ ನೆಮ್ಮದಿಯಿಲ್ಲ, ನಿದ್ರೆ ಸಾಲದು” ಎಂದು ಅವರು ಹೇಳುತ್ತಾರೆ. ಲೋಕಲ್ ಗಾಡಿಯಲ್ಲಿ ದಿನಕ್ಕೆ ಮೂರು ಗಂಟೆ ಜೋತಾಡಿ ಬರುವ ಯಾವ ಗೃಹಸ್ಥನಿಗೆ ಇದು ಒಪ್ಪದು? ಹೊಂದಿಸಿಕೊಳ್ಳುವ ತೀರ್ಪುಗಾರ ಇಲ್ಲಿ ರೋಗಿಯೇ. ಹೊಂದಿತೆಂಬ ಸಮಾಧಾನದಲ್ಲಿ ಎದೆಯೊಳಗಿನ ಗಂಟನ್ನು ಆರು ತಿಂಗಳು ತಡೆದುಕೊಂಡು ಕೂತರೆ, ಆರು ತಿಂಗಳು ಮರಳಿ ಬರುವುದಿಲ್ಲ.

ಎಂಜಿನಿಯರುಗಳ ಪತ್ರಿಕೆಯಲ್ಲಿ ಪ್ರಬಂಧ ಬಂದ 1976ರಲ್ಲಿಯೇ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಅವರೂ ಭೌತವಿಜ್ಞಾನಿಯೇ, ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಒಂದೇ ಶಾಸ್ತ್ರ ಓದಿದವರು, ಒಂದೇ ಕಾಲದಲ್ಲಿ, ಒಂದೇ ಬಗೆಯ ಪ್ರಶ್ನೆಯನ್ನು ಎಷ್ಟು ಬೇರೆಯಾಗಿ ಕೈಗೆತ್ತಿಕೊಂಡರೆಂಬುದು ನೋಡತಕ್ಕದ್ದು.

ನಲವತ್ತೆರಡು ದಿನ

ಸಿ.ಐ.ಎ. ಕೈಬಿಟ್ಟ ಮೇಲೆ ಸೇನೆ ಇದನ್ನು ಎತ್ತಿಕೊಂಡಿತು. ಮೇರಿಲ್ಯಾಂಡಿನ ಫೋರ್ಟ್ ಮೀಡ್ ಎಂಬ ಸೇನಾ ನೆಲೆಯಲ್ಲಿ ಕೆಲವೇ ಮಂದಿಯ ಗುಪ್ತ ದಳ ಏರ್ಪಟ್ಟಿತು. ಕಾಲಕಾಲಕ್ಕೆ ಹೆಸರು ಬದಲಾಗುತ್ತಿತ್ತು: ಗ್ರಿಲ್ ಫ್ಲೇಮ್, ಸೆಂಟರ್ ಲೇನ್, ಸನ್ ಸ್ಟ್ರೀಕ್, ಕೊನೆಗೆ 1991ರಿಂದ ಸ್ಟಾರ್ ಗೇಟ್. ಟೆಹರಾನಿನಲ್ಲಿ ಸೆರೆಯಾದ ರಾಯಭಾರ ಕಚೇರಿಯ ಸಿಬ್ಬಂದಿ ಎಲ್ಲಿದ್ದಾರೆ, ಯಾವ ಕಟ್ಟಡದಲ್ಲಿ ಏನಿದೆ ಎಂಬಂಥ ಪ್ರಶ್ನೆಗಳನ್ನು ಈ ದಳದ ಮುಂದಿಡುತ್ತಿದ್ದರು.

1981ರ ಡಿಸೆಂಬರ್ 17ರಂದು ಇಟಲಿಯ ವೆರೋನಾ ನಗರದಲ್ಲಿ ಅಮೆರಿಕದ ಸೇನೆಯ ಬ್ರಿಗೇಡಿಯರ್ ಜನರಲ್ ಜೇಮ್ಸ್ ಡೋಜಿಯರ್ ಅವರನ್ನು ‘ರೆಡ್ ಬ್ರಿಗೇಡ್ಸ್’ ಎಂಬ ಉಗ್ರಗಾಮಿಗಳು ಅವರ ಮನೆಯಿಂದಲೇ ಹೊತ್ತೊಯ್ದರು. ಮೂರು ವರ್ಷ ಹಿಂದೆ ಇದೇ ತಂಡ ಇಟಲಿಯ ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರನ್ನು ಸೆರೆಯಲ್ಲಿಟ್ಟು ಕೊಂದಿತ್ತು. ಆದುದರಿಂದ ಒಂದೊಂದು ದಿನವೂ ತೂಕದ್ದಾಗಿತ್ತು. ಫೋರ್ಟ್ ಮೀಡಿನ ದ್ರಷ್ಟಾರರನ್ನು ಕೂರಿಸಿ ಕೇಳಲಾಯಿತು. ಕೋಣೆಗಳು, ಮೆಟ್ಟಿಲುಗಳು, ಬೆಟ್ಟ, ರಸ್ತೆ, ಗೋಡೆ ಎಂದು ಕಾಗದದ ಮೇಲೆ ಕಾಗದ ಬಂದವು. ಹೊರಗಿನಿಂದಲೂ ಸ್ವಯಂಘೋಷಿತ ದಿವ್ಯದೃಷ್ಟಿಯವರ ಸಂದೇಶಗಳು ಸುರಿದವು. ಒಂದೊಂದು ಸುಳಿವೂ ಪೋಲೀಸರ ಒಂದಷ್ಟು ಹೊತ್ತನ್ನು ಕೇಳುವಂಥದು.

42 ದಿನಗಳ ಮೇಲೆ, 1982ರ ಜನವರಿ 28ರಂದು, ವೆರೋನಾದಿಂದ ಸುಮಾರು 80 ಕಿಲೋಮೀಟರ್ ದೂರದ ಪಾದುವಾ ನಗರದಲ್ಲಿ, ಕೆಳಗೆ ಸೂಪರ್‌ಮಾರ್ಕೆಟ್ ಇದ್ದ ವಸತಿ ಕಟ್ಟಡವೊಂದಕ್ಕೆ ಇಟಲಿಯ ಪೋಲೀಸರು ನುಗ್ಗಿದರು. ಕೋಣೆಯೊಳಗೆ ಹಾಕಿದ್ದ ಗುಡಾರದಲ್ಲಿ ಜನರಲ್ ಜೀವಂತವಾಗಿ ಸಿಕ್ಕಿದರು. ಒಂದು ಗುಂಡೂ ಹಾರಲಿಲ್ಲ. ಜಾಗದ ಸುಳಿವು ಸಿಕ್ಕಿದ್ದು ಬಂಧಿತರ ವಿಚಾರಣೆಯಿಂದ. ಬಾಗಿಲು ಬಾಗಿಲು ತಟ್ಟಿ, ಕಡತಗಳನ್ನು ತಿರುವಿಹಾಕಿ, ಪೋಲೀಸರು ನಡೆಸಿದ ಶ್ರಮದಿಂದ. ಊರಿನ ಹೆಸರನ್ನು ತಾವು ಮೊದಲೇ ಹೇಳಿದ್ದೆವೆಂದು ಅನಂತರ ಬರೆದುಕೊಂಡವರುಂಟು. ಆದರೆ ಪೋಲೀಸರನ್ನು ಆ ಬಾಗಿಲಿಗೆ ಕರೆತಂದದ್ದು ಅವರ ಮಾತಲ್ಲ.

ಅತ್ತ ನಂಬುವವರಲ್ಲಿ ದೊಡ್ಡವರೂ ಇದ್ದರು. ತಮ್ಮ ಅಧಿಕಾರಾವಧಿಯಲ್ಲಿ ಆಫ್ರಿಕಾದ ಝೈರ್ ದೇಶದಲ್ಲಿ ಬಿದ್ದುಹೋದ ಒಂದು ವಿಮಾನ ಉಪಗ್ರಹಗಳಿಗೆ ಸಿಗದಿದ್ದಾಗ, ಒಬ್ಬ ಮಹಿಳೆ ಹೇಳಿದ ಅಕ್ಷಾಂಶ ರೇಖಾಂಶಗಳಿಂದ ಸಿಕ್ಕಿತೆಂದು ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1995ರಲ್ಲಿ ವಿದ್ಯಾರ್ಥಿಗಳ ಮುಂದೆ ಹೇಳಿದರು. ಇನ್ನೊಂದೆಡೆ, 130 ವರ್ಷಗಳ ಸಂಶೋಧನೆಯಲ್ಲಿ ಅತೀಂದ್ರಿಯ ಶಕ್ತಿಗಳಿಗೆ ವೈಜ್ಞಾನಿಕ ಆಧಾರ ದೊರೆತಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯ ಸಮಿತಿ 1988ರಷ್ಟು ಹಿಂದೆಯೇ ವರದಿ ಮಾಡಿತ್ತು. ಸೇನೆಯ ದಳ ಅದಾದ ಮೇಲೂ ಏಳು ವರ್ಷ ನಡೆಯಿತು.

ಕೊನೆಯ ಲೆಕ್ಕ

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಭಯ ತಗ್ಗಿತು, ಲೆಕ್ಕ ಕೇಳುವವರು ಬಂದರು. 1995ರಲ್ಲಿ ಹೊರಗಿನ ಸಂಶೋಧನ ಸಂಸ್ಥೆಯೊಂದಕ್ಕೆ ಪರಿಶೀಲನೆಯನ್ನು ವಹಿಸಲಾಯಿತು. ಅದು ಇಬ್ಬರು ತಜ್ಞರನ್ನು ಕೂರಿಸಿತು: ಸಂಖ್ಯಾಶಾಸ್ತ್ರಜ್ಞೆ ಜೆಸಿಕಾ ಅಟ್ಸ್ ಮತ್ತು ಮನೋವಿಜ್ಞಾನಿ ರೇ ಹೈಮನ್. ಒಂದೇ ಅಂಕಿಅಂಶಗಳನ್ನು ನೋಡಿ ಇಬ್ಬರೂ ಬೇರೆ ಬೇರೆ ತೀರ್ಮಾನಕ್ಕೆ ಬಂದರು. ಪ್ರಯೋಗಶಾಲೆಯಲ್ಲಿ ಬಂದ ಫಲ ಆಕಸ್ಮಿಕವೆನ್ನಲು ಸಾಧ್ಯವಿಲ್ಲ, ಅತೀಂದ್ರಿಯ ಗ್ರಹಣ ಸಿದ್ಧವಾಗಿದೆ ಎಂದರು ಅಟ್ಸ್. ಅವರು ಸಾಮಾನ್ಯರಲ್ಲ, 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಅಧ್ಯಕ್ಷೆಯಾದವರು. ಆಕಸ್ಮಿಕವಲ್ಲವೆಂದ ಮಾತ್ರಕ್ಕೆ ಅತೀಂದ್ರಿಯವೆಂದಾಗುವುದಿಲ್ಲ ಎಂದರು ಹೈಮನ್. ಕಡೆಯ ವರ್ಷಗಳ ಪ್ರಯೋಗಗಳಲ್ಲಿ ದ್ರಷ್ಟಾರನ ಚಿತ್ರವನ್ನು ಐದು ಫೋಟೋಗಳ ಜೊತೆ ತಾಳೆ ನೋಡುತ್ತಿದ್ದುದು ಒಬ್ಬರೇ ತೀರ್ಪುಗಾರರೆಂದೂ, ಅವರು ಆ ಸಂಶೋಧನೆಯ ಮುಖ್ಯಸ್ಥರೇ ಎಂದೂ ಅವರು ಬೊಟ್ಟು ಮಾಡಿದರು. ಇಪ್ಪತ್ತು ವರ್ಷಗಳ ಮೇಲೂ ಪ್ರಶ್ನೆ ಮರಳಿ ಬಂದು ನಿಂತದ್ದು ಹೊಂದಿಸುವವನ ಬಳಿಯೇ.

ಬೇಹುಗಾರಿಕೆಯ ಉಪಯೋಗದ ಬಗ್ಗೆ ಮಾತ್ರ ಪರಿಶೀಲನೆಯ ವರದಿ ಸಂದೇಹಕ್ಕೆ ಎಡೆಗೊಡಲಿಲ್ಲ. ದ್ರಷ್ಟಾರರ ವರದಿಗಳು ಅಸ್ಪಷ್ಟ. ಸರಿಯೆನಿಸಿದ ಕಡೆ ಪ್ರಶ್ನೆ ಕೇಳುವವರಿಗೆ ಹಿನ್ನೆಲೆ ಮೊದಲೇ ತಿಳಿದಿತ್ತು. ಯಾವ ಒಂದು ಕಾರ್ಯಾಚರಣೆಗೂ ಅವು ದಾರಿ ತೋರಿರಲಿಲ್ಲ. ಒಟ್ಟು ಸುಮಾರು 2 ಕೋಟಿ ಡಾಲರು ಖರ್ಚಾಗಿತ್ತು. ಅಮೆರಿಕದ ಸೇನೆಯ ಲೆಕ್ಕದಲ್ಲಿ ಅದು ಒಂದು ಯುದ್ಧವಿಮಾನದ ಬೆಲೆಯೂ ಅಲ್ಲವೆನ್ನಬಹುದು. 1995ರಲ್ಲಿಯೇ ದಳವನ್ನು ವಿಸರ್ಜಿಸಿದರು. ಆ ಹೊತ್ತಿಗೆ ಅದರಲ್ಲಿ ಉಳಿದಿದ್ದ ದ್ರಷ್ಟಾರರು ಮೂವರು.

ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಬಗೆಯ ದೂರವೀಕ್ಷಣೆಯ ಕಥೆಗಳಿವೆ. ಮಾಟುಂಗದ ಕೋಣೆಯಲ್ಲಿ ಮಲಗಿದವನಿಗೆ ನಡುರಾತ್ರಿ ತಾಯಿ ಕರೆದಂತಾಯಿತು. ಬೆಳಗ್ಗೆ ಅಂಚೆಯವನು ತಂತಿ ತಂದ. ಇಂಥ ಕಥೆ ಇಲ್ಲದ ಮನೆತನ ವಿರಳ. ಅದನ್ನು ಹೇಳುವಾಗ ಹಿರಿಯರ ಕಣ್ಣು ತೇವಗೊಳ್ಳುತ್ತದೆ. ಅದನ್ನು ಲಕೋಟೆಯಲ್ಲಿಟ್ಟು ಪರೀಕ್ಷಿಸಲು ಹೊರಡುವವರಿಲ್ಲ, ಹೊರಡಬೇಕಾಗಿಯೂ ಇಲ್ಲ. ತಾಯಿಯ ಚಿಂತೆಯಲ್ಲಿ ನೂರು ರಾತ್ರಿ ಬೆಚ್ಚಿಬಿದ್ದು ಎದ್ದವನಿಗೆ ತಂತಿ ಬಂದ ರಾತ್ರಿಯೊಂದೇ ನೆನಪುಳಿಯುತ್ತದೆ. ಏನೂ ಆಗದೆ ಬೆಳಗಾದ ತೊಂಬತ್ತೊಂಬತ್ತು ರಾತ್ರಿಗಳನ್ನು ಯಾರು ಬರೆದಿಟ್ಟಾರು? ಗುರುಗ್ರಹದ ಉಂಗುರ ಉಳಿದು ಪರ್ವತ ಮರೆತುಹೋದುದೂ ಹೀಗೆಯೇ.

ಬರೆದಿಟ್ಟವರೆಂದರೆ ಫೋರ್ಟ್ ಮೀಡಿನವರು. ಗೆದ್ದದ್ದು, ಸೋತದ್ದು, ಅರ್ಥವಾಗದ್ದು ಎಲ್ಲವೂ ಕಡತಗಳಲ್ಲಿತ್ತು. 2017ರ ಜನವರಿಯಲ್ಲಿ ಸಿ.ಐ.ಎ. ತನ್ನ ಹಳೆಯ ಕಡತಗಳ ಒಂದು ಕೋಟಿಗೂ ಮಿಕ್ಕ ಪುಟಗಳನ್ನು ಸಾರ್ವಜನಿಕರು ಮನೆಯಲ್ಲೇ ಕುಳಿತು ನೋಡುವಂತೆ ತೆರೆದಿಟ್ಟಿತು. ಅವುಗಳ ನಡುವೆ ಸ್ಟಾರ್ ಗೇಟ್‌ನ ಹೇಳಿಕೆಗಳೂ ಇವೆ. ಪೆನ್ಸಿಲಿನಲ್ಲಿ ಗೀಚಿದ ಗೋಪುರಗಳು, ಅಲೆಗಳಂಥ ಗೆರೆಗಳು, ಹೆಸರಿಲ್ಲದ ಕಟ್ಟಡಗಳು, ಅಂಚಿನಲ್ಲಿ ಬರೆದ ತಾರೀಕು ಮತ್ತು ಗಂಟೆ. ಪುಟ ತಿರುವಿದರೆ, ಅದೇ ಗೋಪುರ, ಅದೇ ಗೆರೆಗಳು, ಬೇರೊಂದು ತಾರೀಕು.